ಒಂದೇ ಸಿಮ್, ಮನೆ ತುಂಬ ಇಂಟರ್ನೆಟ್: ಮಲೆನಾಡಿನ ಮನೆಗೆ ಯಾವ ದಾರಿ ಸರಿ?

ಮಲೆನಾಡಿನಲ್ಲಿ ಹಿರಿಯರು ಮನೆ ಕಟ್ಟಿದ್ದು ನೀರು, ನೆರಳು ನೋಡಿ. ತೋಟ ತಗ್ಗಿನಲ್ಲಿ, ಮನೆ ತೋಟದ ಪಕ್ಕದಲ್ಲಿ, ಸುತ್ತ ಬೆಟ್ಟ. ಬದುಕುವುದಕ್ಕೆ ಒಳ್ಳೆಯ ಜಾಗ. ಮೊಬೈಲ್ ಸಿಗ್ನಲ್‌ಗೆ ಮಾತ್ರ ತುಂಬ ಕಷ್ಟದ ಜಾಗ. 2020ರಲ್ಲಿ ಶಾಲೆ ಮುಚ್ಚಿ ಆನ್‌ಲೈನ್ ಪಾಠ ಶುರುವಾದಾಗ ನಮ್ಮ ಕಡೆಯ ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದ್ದು ಇದೇ ಕಾರಣಕ್ಕೆ.

ಈಗ ಟವರ್‌ಗಳು ಜಾಸ್ತಿಯಾಗಿವೆ. ಬಿಎಸ್‌ಎನ್‌ಎಲ್‌ನ 4ಜಿ ಕೂಡ 2025ರ ಸೆಪ್ಟೆಂಬರಿನಲ್ಲಿ ದೇಶದ ಮಟ್ಟದಲ್ಲಿ ಉದ್ಘಾಟನೆಯಾಯಿತು. ಆದರೂ ಎಷ್ಟೋ ಮನೆಗಳಲ್ಲಿ ಜಗಲಿಯ ಒಂದು ಮೂಲೆಯಲ್ಲಿ ಎರಡು ಕಡ್ಡಿ, ಅಡುಗೆಮನೆಯಲ್ಲಿ ಸೊನ್ನೆ. ಮಗಳು ಊರಿಂದಲೇ ಆಫೀಸಿನ ಕೆಲಸ ಮಾಡಬೇಕು, ಮಗನಿಗೆ ಕಾಲೇಜಿನ ಅಸೈನ್‌ಮೆಂಟು, ಅಪ್ಪನಿಗೆ ಅಡಿಕೆ ರೇಟು, ಅಜ್ಜಿಗೆ ಯಕ್ಷಗಾನದ ವಿಡಿಯೊ. ಒಂದು ಸಣ್ಣ ಸಂಪರ್ಕ, ನಾಲ್ಕಾರು ಜನ. ಹಂಚುವುದು ಹೇಗೆ?

ಅಂಗಡಿಗೆ ಹೋದರೆ ಹಾಟ್‌ಸ್ಪಾಟ್, ಡಾಂಗಲ್, ಸಿಮ್ ರೂಟರ್, ಆಂಟೆನಾ ಅಂತ ಹತ್ತು ಹೆಸರು ಕೇಳಿಬರುತ್ತವೆ. ಒಂದು ವಿಷಯ ಹಿಡಿದುಕೊಂಡರೆ ಆಯ್ಕೆ ಸುಲಭ. ಸಿಗ್ನಲ್ ಹಿಡಿಯುವ ಕೆಲಸ ಬೇರೆ, ಅದನ್ನು ಮನೆಯೊಳಗೆ ಹಂಚುವ ಕೆಲಸ ಬೇರೆ. ಬೆಟ್ಟದ ಅಬ್ಬಿಯಿಂದ ನೀರು ತರುವಾಗ ನಾವು ಅಬ್ಬಿಯನ್ನು ಮನೆಗೆ ಎಳೆಯುವುದಿಲ್ಲ. ನೀರು ಇರುವಲ್ಲೇ ಕಟ್ಟೆ ಕಟ್ಟಿ, ಅಲ್ಲಿಂದ ಪೈಪು ಹಾಕುತ್ತೇವೆ. ಇಂಟರ್ನೆಟ್‌ಗೂ ಹಾಗೇ ಮಾಡಬೇಕು. ಎರಡೂ ಕೆಲಸವನ್ನು ಒಂದೇ ಡಬ್ಬಿ ಒಂದೇ ಜಾಗದಲ್ಲಿ ಮಾಡಬೇಕು ಅಂದಾಗಲೇ ದುಡ್ಡು ಹಾಳಾಗುವುದು.

ಮೊದಲು ಅಳತೆ, ಆಮೇಲೆ ಖರೀದಿ

ಕಡ್ಡಿ ಎಣಿಸಬೇಡಿ. ಒಂದೊಂದು ಫೋನ್ ಒಂದೊಂದು ಲೆಕ್ಕದಲ್ಲಿ ಕಡ್ಡಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಎಷ್ಟು ಡಿಬಿಎಂ (ಸಿಗ್ನಲ್‌ನ ಶಕ್ತಿ ಅಳೆಯುವ ಮಾನ) ಇದೆ ಅಂತ ಕಾಣುತ್ತದೆ. ಸಂಖ್ಯೆ ಮೈನಸ್‌ನಲ್ಲಿ ಇರುತ್ತದೆ. 4ಜಿಯಲ್ಲಿ ಮೈನಸ್ 90ಕ್ಕಿಂತ ಒಳ್ಳೆಯದಿದ್ದರೆ, ಅಂದರೆ 85, 80 ಹೀಗೆ ಬಂದರೆ, ಚಿಂತೆ ಬೇಡ. ಮೈನಸ್ 100ರ ಆಸುಪಾಸು ಇದ್ದರೆ ಕೆಲಸ ನಡೆಯುತ್ತದೆ. ಮೈನಸ್ 110 ದಾಟಿದರೆ ಪರದಾಟ. 120ರ ಹತ್ತಿರ ಹೋದರೆ ಸಂಪರ್ಕ ಕಡಿಯುತ್ತಲೇ ಇರುತ್ತದೆ. 10 ಡಿಬಿ ವ್ಯತ್ಯಾಸ ಅಂದರೆ ಹತ್ತು ಪಟ್ಟು ಶಕ್ತಿಯ ವ್ಯತ್ಯಾಸ, ಇದು ನೆನಪಿರಲಿ.

ಫೋನ್ ಹಿಡಿದು ಮನೆ ಸುತ್ತಿ. ಜಗಲಿ, ಅಂಗಳ, ಅಟ್ಟ, ಕೊಟ್ಟಿಗೆಯ ಮಾಡು, ನೀರಿನ ಟ್ಯಾಂಕಿನ ಹತ್ತಿರ, ಎಲ್ಲ ಕಡೆ ನೋಡಿ. ಪ್ರತಿ ಜಾಗದಲ್ಲೂ ಒಂದು ನಿಮಿಷ ನಿಂತು ಬರೆದುಕೊಳ್ಳಿ. ಅಕ್ಕಪಕ್ಕದವರ ಬೇರೆ ಕಂಪನಿಯ ಸಿಮ್ ಹಾಕಿಯೂ ನೋಡಿ. ಬೆಟ್ಟದ ನಡುವೆ ಕಡಿಮೆ ಫ್ರೀಕ್ವೆನ್ಸಿಯ ಅಲೆಗಳೇ ದೂರ ಬರುತ್ತವೆ, ಗೋಡೆ ದಾಟುತ್ತವೆ. ಜಿಯೊದ 850, ಏರ್‌ಟೆಲ್‌ನ 900, ಬಿಎಸ್‌ಎನ್‌ಎಲ್‌ನ 700 ಮೆಗಾಹರ್ಟ್ಸ್ ಇಂಥವು. 2300 ಮೆಗಾಹರ್ಟ್ಸ್‌ನಲ್ಲಿ ವೇಗ ಜಾಸ್ತಿ ಸಿಗುತ್ತದೆ, ಆದರೆ ಒಂದು ಗುಡ್ಡ ಅಡ್ಡ ಬಂದರೆ ಅದು ಅಲ್ಲಿಗೇ ನಿಲ್ಲುತ್ತದೆ.

ಈ ಅಳತೆ ಮುಗಿದ ಮೇಲೆ ನಿಮ್ಮ ಮನೆ ಮೂರರಲ್ಲಿ ಒಂದು ಗುಂಪಿಗೆ ಸೇರುತ್ತದೆ. ಮನೆಯೊಳಗೇ ಎಲ್ಲೋ ಒಂದು ಕಡೆ ಒಳ್ಳೆಯ ಸಿಗ್ನಲ್ ಇದೆ. ಇಲ್ಲವೇ ಮಾಡಿನ ಮೇಲೆ, ಅಂಗಳದ ತುದಿಯಲ್ಲಿ ಮಾತ್ರ ಇದೆ. ಅದೂ ಅಲ್ಲದಿದ್ದರೆ ಗುಡ್ಡದ ಮೇಲೆ ಮಾತ್ರ ಇದೆ.

ಫೋನಿನ ಹಾಟ್‌ಸ್ಪಾಟ್

ಖರ್ಚಿಲ್ಲದ ದಾರಿ ಇದು. ಒಬ್ಬರು ಸಂಜೆ ಒಂದು ಗಂಟೆ ಲ್ಯಾಪ್‌ಟಾಪ್ ಬಳಸುತ್ತಾರೆ ಅಂದರೆ ಬೇರೇನೂ ಬೇಡ. ಆದರೆ ಮನೆಯ ಇಂಟರ್ನೆಟ್ ಯಾರದೋ ಜೇಬಿನಲ್ಲಿ ಇರುತ್ತದೆ. ಅಪ್ಪ ಪೇಟೆಗೆ ಹೋದರೆ ನೆಟ್ ಕೂಡ ಪೇಟೆಗೆ ಹೋಗುತ್ತದೆ. ಫೋನ್ ಬಿಸಿಯಾಗುತ್ತದೆ. ದಿನವಿಡೀ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಉಬ್ಬುವ ಅಪಾಯವಿದೆ.

ಹಳೆಯ 4ಜಿ ಫೋನ್ ಒಂದು ಸುಮ್ನೆ ಬಿದ್ದಿದ್ದರೆ ಅದಕ್ಕೊಂದು ಬೇರೆ ಸಿಮ್ ಹಾಕಿ ಸಿಗ್ನಲ್ ಚೆನ್ನಾಗಿರುವ ಕಿಟಕಿಯಲ್ಲಿಡಿ. ಹಾಟ್‌ಸ್ಪಾಟ್ ತಾನಾಗಿ ಆಫ್ ಆಗುವ ಸೆಟ್ಟಿಂಗ್ ತೆಗೆಯಿರಿ. ಬ್ಯಾಂಡ್ 2.4 ಗಿಗಾಹರ್ಟ್ಸ್ ಇರಲಿ. 5 ಗಿಗಾಹರ್ಟ್ಸ್ ನಮ್ಮ ಜಂಬಿಟ್ಟಿಗೆ ಗೋಡೆಯನ್ನು ದಾಟುವುದು ಕಷ್ಟ.

ಇದರಲ್ಲೇ ಇನ್ನೊಂದು ಬಗೆ ಇದೆ. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಜೋಡಿಸಿ, ಕಂಪ್ಯೂಟರಿನಿಂದ ಬೇರೆಯವರಿಗೆ ಹಂಚುವುದು. ವಿಂಡೋಸ್‌ನ ಮೊಬೈಲ್ ಹಾಟ್‌ಸ್ಪಾಟ್ 8 ಸಾಧನಗಳವರೆಗೆ ಹಂಚುತ್ತದೆ. ಇದು ತುಂಬ ಹಳೆಯ ದಾರಿ. 1999ರಲ್ಲಿ ವಿಂಡೋಸ್ 98ರ ಎರಡನೇ ಆವೃತ್ತಿ ಬಂದಾಗ ಡಯಲ್-ಅಪ್ ಮೋಡೆಮ್‌ನ 56 ಕೆಬಿಪಿಎಸ್ ಸಂಪರ್ಕವನ್ನು ಎರಡು ಮೂರು ಕಂಪ್ಯೂಟರಿಗೆ ಹಂಚುತ್ತಿದ್ದದ್ದು ಹೀಗೇ. ಆಗಿನ ತೊಂದರೆ ಈಗಲೂ ಹಾಗೇ ಇದೆ. ಆ ಒಂದು ಕಂಪ್ಯೂಟರ್ ಆಫ್ ಆದರೆ ಎಲ್ಲರ ನೆಟ್ಟೂ ಹೋಗುತ್ತದೆ. ತಾತ್ಕಾಲಿಕಕ್ಕೆ ಸರಿ, ದಿನನಿತ್ಯಕ್ಕೆ ಬೇಡ.

ಜೇಬಿನ ಹಾಟ್‌ಸ್ಪಾಟ್ ಡಬ್ಬಿ

ಜಿಯೊಫೈ ಥರದ, ಸಿಮ್ ಹಾಕಿ ವೈಫೈ ಹಂಚುವ ಪುಟ್ಟ ಸಾಧನಗಳು. ಪ್ರಯಾಣಕ್ಕೆ ಒಳ್ಳೆಯವು, ಕರೆಂಟ್ ಹೋದಾಗ ಕೆಲವು ಗಂಟೆ ಬ್ಯಾಟರಿಯಲ್ಲಿ ನಡೆಯುತ್ತವೆ. ಒಳಗಿನ ಆಂಟೆನಾ ಚಿಕ್ಕದು, ಹೊರಗಿನ ಆಂಟೆನಾ ಜೋಡಿಸಲು ಬಹುತೇಕ ಜಾಗವೇ ಇರುವುದಿಲ್ಲ. ಕೆಲವು ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆಗಿರುತ್ತವೆ. ಸಿಗ್ನಲ್ ಚೆನ್ನಾಗಿರುವ ಊರಿನವರಿಗೆ ಸಾಕು. ತಗ್ಗಿನ ಮನೆಗೆ ಇದನ್ನು ಕೊಳ್ಳಿ ಅಂತ ನಾನು ಹೇಳುವುದಿಲ್ಲ, ಕೈಲಿರುವ ಫೋನಿಗಿಂತ ಜಾಸ್ತಿಯೇನೂ ಇದು ಹಿಡಿಯುವುದಿಲ್ಲ.

ಸಿಮ್ ಹಾಕುವ ರೂಟರ್

ಮನೆಯೊಳಗೇ ಒಂದು ಕಡೆ ಮೈನಸ್ 100ರ ಒಳಗೆ ಸಿಗ್ನಲ್ ಇದ್ದರೆ ನನ್ನ ಮೊದಲ ಆಯ್ಕೆ ಇದೇ. ದಿನವಿಡೀ ನಡೆಯಲೆಂದೇ ಮಾಡಿದ್ದು, ಬ್ಯಾಟರಿ ಉಬ್ಬುವ ಭಯ ಇಲ್ಲ. ವೈಫೈ ದೂರ ಹೋಗುತ್ತದೆ, ಕೇಬಲ್ ಜೋಡಿಸಲು ಲ್ಯಾನ್ ಪೋರ್ಟ್ ಇರುತ್ತದೆ.

ಕೊಳ್ಳುವಾಗ ಎರಡು ವಿಷಯ ನೋಡಲೇಬೇಕು. ಒಂದು, ಬ್ಯಾಂಡ್, ಅಂದರೆ ಕಂಪನಿ 4ಜಿಗೆ ಬಳಸುವ ಫ್ರೀಕ್ವೆನ್ಸಿ ಪಟ್ಟಿಯ ನಂಬರ್. ಜಿಯೊಗೆ 3, 5, 40. ಏರ್‌ಟೆಲ್‌ಗೆ 1, 3, 8, 40. ಬಿಎಸ್‌ಎನ್‌ಎಲ್‌ಗೆ 1 ಮತ್ತು 28. ಬೇರೆ ದೇಶಕ್ಕೆಂದು ಮಾಡಿದ ರೂಟರ್ ಕಡಿಮೆ ಬೆಲೆಗೆ ಸಿಕ್ಕಿತು ಅಂತ ತಂದರೆ ನಮಗೆ ಬೇಕಾದ 5 ಅಥವಾ 28 ಅದರಲ್ಲಿ ಇಲ್ಲದೇ ಹೋಗಬಹುದು. ಎರಡು, ಮೊಬೈಲ್ ಆಂಟೆನಾ ಬಿಚ್ಚಲು ಬರುತ್ತದೆಯೇ? ಬಿಚ್ಚಿ ಬೇರೆ ಹಾಕಲು ಬಂದರೆ ಮುಂದೆ ಹೊರಗಿನ ಆಂಟೆನಾಗೆ ದಾರಿ ಇರುತ್ತದೆ. ಕೆಲವು ಮಾದರಿಗಳಲ್ಲಿ ನೋಡಲು ದೊಡ್ಡ ಕಡ್ಡಿಗಳಿರುತ್ತವೆ, ಆದರೆ ಅವು ವೈಫೈಗೆ ಮಾತ್ರ. ಕೇಳಿ ತಿಳಿದುಕೊಳ್ಳಿ.

ರೂಟರಿಗೆ ಹಾಕುವ ಸಿಮ್ ಬ್ಯಾಂಕಿನ ಓಟಿಪಿ ಬರುವ ನಂಬರ್ ಆಗದಿರಲಿ. ಆ ಸಿಮ್‌ಗೆ ಬಂದ ಸಂದೇಶ ನೋಡಲು ಪ್ರತಿ ಸಲ ರೂಟರಿನ ಪುಟ ತೆರೆಯಬೇಕಾಗುತ್ತದೆ.

ಇದನ್ನು ಎಲ್ಲಿಡಬೇಕು? ಟಿವಿ ಪಕ್ಕ ಚೆಂದ ಕಾಣುತ್ತದೆ ಅಂತ ಅಲ್ಲಿಡಬೇಡಿ. ನಿಮ್ಮ ಅಳತೆಯ ಚೀಟಿಯಲ್ಲಿ ಎಲ್ಲಿ ಸಂಖ್ಯೆ ಒಳ್ಳೆಯದಿತ್ತೋ ಅಲ್ಲಿಡಿ. ಹೆಂಚಿನ ಮನೆಯಾದರೆ ಅದು ಬಹುತೇಕ ಅಟ್ಟವೇ ಆಗಿರುತ್ತದೆ. ದಪ್ಪ ಗೋಡೆಗಿಂತ ಹೆಂಚಿನ ಮೂಲಕ ಸಿಗ್ನಲ್ ಚೆನ್ನಾಗಿ ಬರುತ್ತದೆ. ಮಂಗನ ಕಾಟ ತಾಳಲಾರದೆ ಹೆಂಚು ತೆಗೆದು ತಗಡಿನ ಶೀಟು ಹೊದಿಸಿದ ಮನೆಗಳಲ್ಲಿ ಮಾತ್ರ ಅಟ್ಟದಿಂದ ಪ್ರಯೋಜನವಿಲ್ಲ. ತಗಡು ಸಿಗ್ನಲನ್ನು ಪೂರ್ತಿ ತಡೆಯುತ್ತದೆ. ಅಂಥವರು ಮುಂದಿನದನ್ನು ಓದಿ.

ಮಾಡಿನ ಮೇಲೆ ಹೋಗುವುದಾದರೆ

ಸಿಗ್ನಲ್ ಹೊರಗೆ ಮಾತ್ರ ಇದೆ ಅಂದಾಗ ಎರಡು ದಾರಿ. ಆಂಟೆನಾ ಮಾತ್ರ ಮೇಲಿಟ್ಟು ರೂಟರನ್ನು ಒಳಗಿಡುವುದು, ಅಥವಾ ರೂಟರನ್ನೇ ಮೇಲಿಡುವುದು. ಹೆಚ್ಚಿನವರು ಮೊದಲನೆಯದನ್ನು ಆರಿಸುತ್ತಾರೆ. ನಾನು ಎರಡನೆಯದರ ಪರ.

ಕಾರಣ ಕೇಬಲ್. ಆಂಟೆನಾದಿಂದ ರೂಟರಿಗೆ ಬರುವ ದಾರಿಯಲ್ಲಿ ಸಿಗ್ನಲ್ ಸೋರುತ್ತದೆ. ಸುಲಭವಾಗಿ ಸಿಗುವ ಆರ್‌ಜಿ58 ಕೇಬಲ್‌ನಲ್ಲಿ 2300 ಮೆಗಾಹರ್ಟ್ಸ್‌ಗೆ ಮೀಟರಿಗೆ ಸುಮಾರು 1 ಡಿಬಿ ನಷ್ಟ. 10 ಮೀಟರ್ ಎಳೆದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಕೆಳಗೆ ಬರುತ್ತದೆ. ಆಂಟೆನಾ ಗಳಿಸಿಕೊಟ್ಟಿದ್ದೆಲ್ಲ ಕೇಬಲ್‌ನಲ್ಲೇ ಮುಗಿಯಿತು ಅಲ್ವಾ? ಎಲ್‌ಎಂಆರ್400 ಥರದ ದಪ್ಪ ಕೇಬಲ್‌ನಲ್ಲಿ ನಷ್ಟ ಅದರ ಕಾಲು ಭಾಗಕ್ಕೂ ಕಡಿಮೆ, ಆದರೆ ಬೆಲೆ ಜಾಸ್ತಿ, ಬಗ್ಗಿಸುವುದೂ ಕಷ್ಟ. ಅದೂ ಎರಡು ಬೇಕು. 4ಜಿ ಒಟ್ಟಿಗೆ ಎರಡು ಆಂಟೆನಾದಲ್ಲಿ ಕೆಲಸ ಮಾಡುತ್ತದೆ. ಒಂದನ್ನೇ ಹಾಕಿದರೆ ವೇಗ ಕಡಿಮೆಯಾಗುತ್ತದೆ.

ರೂಟರೇ ಮೇಲಿದ್ದರೆ ಈ ತಲೆನೋವಿಲ್ಲ. ಮಳೆಗೆ ತಡೆಯುವ, ಹೊರಗಡೆ ಕೂರಿಸುವ 4ಜಿ ರೂಟರ್‌ಗಳು ಸಿಗುತ್ತವೆ. ಅದರಿಂದ ಕೆಳಗೆ ಬರುವುದು ಒಂದೇ ಒಂದು ನೆಟ್‌ವರ್ಕ್ ಕೇಬಲ್. ಅದರಲ್ಲೇ ಡೇಟಾ ಇಳಿಯುತ್ತದೆ, ಅದರಲ್ಲೇ ಕರೆಂಟ್ ಹತ್ತುತ್ತದೆ. 100 ಮೀಟರಿನವರೆಗೆ ವೇಗ ಕಡಿಮೆಯಾಗದೆ ಬರುತ್ತದೆ. ಅಂದರೆ ಮಾಡು ಮಾತ್ರ ಅಲ್ಲ, ಅಂಗಳದಾಚೆಯ ಟ್ಯಾಂಕಿನ ಕಟ್ಟೆಯ ಮೇಲೂ ಇಡಬಹುದು.

ಕೇಬಲ್‌ನಲ್ಲಿ ಉಳಿತಾಯ ಮಾಡಬೇಡಿ. ಕ್ಯಾಟ್6, ಹೊರಗಡೆ ಬಳಸುವ ಕಪ್ಪು ಹೊದಿಕೆಯದ್ದು, ಪೂರ್ತಿ ತಾಮ್ರದ್ದು ಕೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಹಚ್ಚಿದ್ದು ಅಗ್ಗ, ಆದರೆ ಉದ್ದ ಜಾಸ್ತಿಯಾದರೆ ಮೇಲಿನ ರೂಟರಿಗೆ ಸರಿಯಾಗಿ ಕರೆಂಟ್ ಮುಟ್ಟುವುದಿಲ್ಲ. ಅಳಿಲು, ಇಲಿ, ಮಂಗ ಕಡಿಯದಂತೆ ಪಿವಿಸಿ ಪೈಪಿನೊಳಗೆ ತನ್ನಿ. ರೂಟರಿಗೆ ಹೋಗುವ ಮುಂಚೆ ಕೇಬಲ್ ಸ್ವಲ್ಪ ಕೆಳಗೆ ಜೋತು ಮೇಲೆ ಹೋಗಲಿ, ಇಲ್ಲದಿದ್ದರೆ ಮಳೆನೀರು ಅದರ ಗುಂಟ ಒಳಗಿಳಿಯುತ್ತದೆ.

ಸಿಡಿಲಿನ ಬಗ್ಗೆ ಹೇಳಲೇಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಳೆಯಲ್ಲಿ ಮತ್ತೆ ಅಕ್ಟೋಬರಿನಲ್ಲಿ ಸಿಡಿಲು ಜಾಸ್ತಿ. ಎತ್ತರದಲ್ಲಿ ಲೋಹದ ಕಂಬ, ಅಲ್ಲಿಂದ ತಾಮ್ರದ ತಂತಿ ಮನೆಯೊಳಗೆ ಬಂದಿದೆ ಅಂದರೆ ಎಚ್ಚರ ಬೇಕೇ ಬೇಕು. ಕಂಬಕ್ಕೆ ಅರ್ತಿಂಗ್ ಮಾಡಿಸಿ. ಕೇಬಲ್ ಮನೆಗೆ ಬರುವಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅದಕ್ಕೂ ಅರ್ತಿಂಗ್ ಕೊಡಿಸಿ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಮತ್ತು ಕೇಬಲ್ ಎರಡನ್ನೂ ಕಿತ್ತಿಡಿ. ಸಿಡಿಲು ತಲೆಯ ಮೇಲೆ ಬಂದಾಗ ಕೇಬಲ್ ಮುಟ್ಟಲು ಹೋಗಬೇಡಿ.

ಗುಡ್ಡದ ಮೇಲೆ ಮಾತ್ರ ಸಿಗುವವರಿಗೆ

ಇದು ಕಷ್ಟ, ಆದರೆ ಆಗದ ಕೆಲಸವಲ್ಲ. ಗುಡ್ಡದ ಮೇಲೆ ಸಿಮ್ ರೂಟರ್, ಅದಕ್ಕೊಂದು ಸೋಲಾರ್ ಪ್ಯಾನಲ್ ಮತ್ತು 12 ವೋಲ್ಟಿನ ಬ್ಯಾಟರಿ. ಅಲ್ಲಿಂದ ಮನೆಗೆ 5 ಗಿಗಾಹರ್ಟ್ಸ್‌ನ ಒಂದು ಜೊತೆ ಹೊರಾಂಗಣ ರೇಡಿಯೊ, ಒಂದು ಅಲ್ಲಿ, ಇನ್ನೊಂದು ಮನೆಯ ಮೇಲೆ. ಇವು ಒಂದಕ್ಕೊಂದು ಕಾಣುವಂತಿದ್ದರೆ ಒಂದೆರಡು ಕಿಲೋಮೀಟರ್ ಆರಾಮಾಗಿ ದಾಟುತ್ತವೆ. ನಡುವೆ ಮರದ ಎಲೆಗಳು ಬಂದರೆ ಆಗುವುದಿಲ್ಲ. 2018ರಿಂದ ಈ 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗಕ್ಕೆ ಲೈಸೆನ್ಸ್ ಬೇಕಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಊರುಗಳಲ್ಲಿ ಸೋಲಾರ್‌ನ ಲೆಕ್ಕವನ್ನು ಬೇಸಿಗೆ ನೋಡಿ ಹಾಕಬೇಡಿ. ಪ್ಯಾನಲ್ ಮತ್ತು ಬ್ಯಾಟರಿ ಎರಡೂ ದೊಡ್ಡದಿರಲಿ. ಜಾಗ ಅರಣ್ಯ ಇಲಾಖೆಯದ್ದಾದರೆ ಅನುಮತಿ ಕೇಳಲೇಬೇಕು.

ಸಿಗ್ನಲ್ ಬೂಸ್ಟರ್ ಬೇಡ

ಆನ್‌ಲೈನ್‌ನಲ್ಲಿ ಮೊಬೈಲ್ ಸಿಗ್ನಲ್ ಬೂಸ್ಟರ್ ಅಂತ ಮಾರುತ್ತಾರೆ. ಪರವಾನಗಿ ಇಲ್ಲದೆ ಖಾಸಗಿಯವರು ಅದನ್ನು ಹಾಕುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಟವರಿಗೇ ಅಡಚಣೆಯಾಗಿ ಸುತ್ತಲಿನ ಮನೆಗಳ ಸಿಗ್ನಲ್ ಕೂಡ ಕೆಡುತ್ತದೆ. ಮೇಲೆ ಹೇಳಿದ ಆಂಟೆನಾ, ರೂಟರ್‌ಗಳು ಬೂಸ್ಟರ್ ಅಲ್ಲ. ಅವು ಫೋನಿನ ಹಾಗೆಯೇ ಟವರಿನ ಜೊತೆ ಮಾತಾಡುವ ಸಾಧನಗಳು.

ಫೈಬರ್ ಬರುವುದಾದರೆ

ಊರಿಗೆ ಫೈಬರ್ ಬಂದಿದ್ದರೆ ಇಷ್ಟೆಲ್ಲ ಯಾಕೆ, ಅದನ್ನೇ ತೆಗೆದುಕೊಳ್ಳಿ. ಬಿಎಸ್‌ಎನ್‌ಎಲ್‌ನ ಫೈಬರ್ ಸಂಪರ್ಕವನ್ನು ಸ್ಥಳೀಯ ಪಾಲುದಾರರ ಮೂಲಕ ಹಳ್ಳಿಗಳಲ್ಲೂ ಕೊಡುತ್ತಾರೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಹಳೆಯ ತಾಮ್ರದ ಲ್ಯಾಂಡ್‌ಲೈನ್‌ನ ಹಾಗೆ ಸಿಡಿಲಿಗೆ ಮೋಡೆಮ್ ಸುಡುವ ಭಯ ತುಂಬ ಕಡಿಮೆ. ತೊಂದರೆ ಏನೆಂದರೆ ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾಗುವುದು. ಸಂಪರ್ಕ ತೆಗೆದುಕೊಳ್ಳುವ ಮುಂಚೆ ಅದೇ ಲೈನಿನಲ್ಲಿರುವ ಮನೆಯವರನ್ನು ಕೇಳಿ: ಕಳೆದ ಮಳೆಗಾಲದಲ್ಲಿ ತುಂಡಾದಾಗ ಎಷ್ಟು ದಿನಕ್ಕೆ ಸರಿ ಮಾಡಿದರು? ಪ್ಲಾನಿನ ವೇಗಕ್ಕಿಂತ ಆ ಉತ್ತರ ಮುಖ್ಯ. ಮನೆಯಿಂದ ಕೆಲಸ ಮಾಡುವವರು ಫೈಬರ್ ಜೊತೆಗೆ ಒಂದು ಸಿಮ್ ರೂಟರನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ಏರ್‌ಫೈಬರ್ ಅಂತ ಬರುವ 5ಜಿ ಸಂಪರ್ಕಗಳು 2023ರಿಂದ ಇವೆ. ಸಾಗರ, ಶಿರಸಿ ಪೇಟೆಯೊಳಗಿನವರು ವಿಚಾರಿಸಬಹುದು. 5ಜಿ ಮುಟ್ಟದ ತಗ್ಗಿನ ಮನೆಗೆ ಅದು ದಾರಿಯಲ್ಲ.

ಮನೆಯೊಳಗೆ ಹಂಚುವುದು

ಜಂಬಿಟ್ಟಿಗೆಯ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ ವೈಫೈ ಸೋಲುತ್ತದೆ. ಆಗ ಅಂಗಡಿಯವರು ಎಕ್ಸ್‌ಟೆಂಡರ್ ಕೊಡುತ್ತಾರೆ. ಅಗ್ಗದ ಎಕ್ಸ್‌ಟೆಂಡರ್ ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳಬೇಕು, ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದರ ಬದಲು ಕೇಬಲ್ ಎಳೆದು ಇನ್ನೊಂದು ರೂಟರ್ ಇಡಿ.

ಇದಕ್ಕೆ ಹೊಸದು ಕೊಳ್ಳಬೇಕಿಲ್ಲ. ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಇದ್ದ ಕಾಲದ ವೈಫೈ ಮೋಡೆಮ್ ಎಷ್ಟೋ ಮನೆಗಳ ಅಟ್ಟದಲ್ಲಿ ಇನ್ನೂ ಇದೆ. ಅದರ ವಿಳಾಸವನ್ನು ಮುಖ್ಯ ರೂಟರಿಗಿಂತ ಬೇರೆ ಮಾಡಿ. ಮುಖ್ಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ಸೆಟ್ಟಿಂಗ್) ಆಫ್ ಮಾಡಿ. ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿ. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇಟ್ಟರೆ ಫೋನ್ ತಾನಾಗಿ ಹತ್ತಿರದ್ದಕ್ಕೆ ಹೋಗುತ್ತದೆ. ಇದರ ವೇಗ ಕಡಿಮೆ ಇರಬಹುದು, ಆದರೆ ನಿಮ್ಮ 4ಜಿ ಕೊಡುವ ವೇಗಕ್ಕೆ ಅದು ಧಾರಾಳ.

ಡೇಟಾದ ಲೆಕ್ಕ

ದಿನಕ್ಕೆ 1.5 ಜಿಬಿ ಪ್ಲಾನನ್ನು ಮನೆಯವರೆಲ್ಲ ಹಂಚಿಕೊಂಡರೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. 1 ಎಂಬಿಪಿಎಸ್‌ನಲ್ಲಿ ವಿಡಿಯೊ ನೋಡಿದರೆ ಗಂಟೆಗೆ 450 ಎಂಬಿ. ಅಂದರೆ 1.5 ಜಿಬಿ ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷ. ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಹಳೆಯ ಡಯಲ್-ಅಪ್‌ಗಿಂತ ಅದು ಹೆಚ್ಚೇನೂ ಅಲ್ಲ. 1 ಎಂಬಿಯ ಒಂದು ಫೋಟೊ ಇಳಿಯಲು ಎರಡು ನಿಮಿಷ ಬೇಕು.

ಹಾಗಾಗಿ ರೂಟರ್ ಹಾಕಿದ ದಿನವೇ ಸೋರಿಕೆ ನಿಲ್ಲಿಸಿ. ಕಂಪ್ಯೂಟರಿನಲ್ಲಿ ಆ ವೈಫೈಯನ್ನು ಮೀಟರ್ಡ್ (ಮಿತಿಯಿರುವ ಡೇಟಾ) ಅಂತ ಗುರುತಿಸಿ, ವಿಂಡೋಸ್ ಅಪ್‌ಡೇಟ್‌ಗಳ ಬಹುಪಾಲು ಅಲ್ಲಿಗೆ ನಿಲ್ಲುತ್ತದೆ. ಫೋನ್‌ಗಳಿಗೆ ವೈಫೈ ಅಂದರೆ ಡೇಟಾ ಪುಕ್ಕಟೆ ಅನ್ನುವ ಲೆಕ್ಕ. ಸಿಕ್ಕಿದ ಕೂಡಲೇ ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್, ವಾಟ್ಸಾಪ್ ವಿಡಿಯೊ ಎಲ್ಲ ಶುರು ಮಾಡುತ್ತವೆ. ಆ ಮೂರನ್ನೂ ಪ್ರತಿ ಫೋನಿನಲ್ಲಿ ಬಂದ್ ಮಾಡಿ. ಆನ್‌ಲೈನ್ ಮೀಟಿಂಗ್ ಕಡಿಯುವುದಕ್ಕೆ ಬಹಳ ಸಲ ಕಾರಣ ಸಿಗ್ನಲ್ ಅಲ್ಲ, ಒಳಮನೆಯಲ್ಲಿ ಯಾರದೋ ಫೋನ್ ಫೋಟೊಗಳನ್ನು ಮೇಲೆ ಕಳಿಸುತ್ತಿರುವುದು. ಅಪ್‌ಲೋಡ್ ದಾರಿ ಚಿಕ್ಕದು, ಬೇಗ ತುಂಬಿಬಿಡುತ್ತದೆ. ಮೀಟಿಂಗಿನಲ್ಲಿ ವಿಡಿಯೊ ಆಫ್ ಮಾಡಿದರೆ ಮಾತಿಗೆ 100 ಕೆಬಿಪಿಎಸ್ ಸಾಕು.

ಕರೆಂಟ್ ಮತ್ತು ಫೋನ್ ಕರೆ

ಮಳೆಗಾಲದ ಕರೆಂಟ್ ಗೊತ್ತೇ ಇದೆ. ರೂಟರಿಗೆಂದೇ ಮಾಡಿದ ಚಿಕ್ಕ ಯುಪಿಎಸ್ ಸಿಗುತ್ತದೆ. ನಿಮ್ಮ ಅಡಾಪ್ಟರ್ ಮೇಲೆ 9 ವೋಲ್ಟ್ ಇದೆಯೋ 12 ಇದೆಯೋ ನೋಡಿ ಅದಕ್ಕೆ ಹೊಂದುವುದನ್ನೇ ತನ್ನಿ. ಟವರಿನ ಬ್ಯಾಟರಿಯೇ ಮುಗಿದರೆ ನಮ್ಮ ಕಡೆಯಿಂದ ಮಾಡುವಂಥದ್ದು ಏನೂ ಇಲ್ಲ. ಆದರೆ ಅಕ್ಕಪಕ್ಕದ ಎರಡು ಟವರ್ ಬೇರೆ ಬೇರೆ ಕಂಪನಿಯದ್ದಾದರೆ ಇನ್ನೊಂದು ಕಂಪನಿಯ ಸಿಮ್ ಚಾಲ್ತಿಯಲ್ಲಿ ಇಟ್ಟಿರಿ.

ಮಾಡಿನ ಮೇಲೆ ಇಷ್ಟು ಖರ್ಚು ಮಾಡಬೇಕೇ ಅಂತ ಯೋಚಿಸುವವರಿಗೆ ಇನ್ನೊಂದು ಲಾಭ ಹೇಳಬೇಕು. ಜಿಯೊ, ಏರ್‌ಟೆಲ್ ಎರಡರಲ್ಲೂ ವೈಫೈ ಕಾಲಿಂಗ್ ಇದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿದರೆ, ಸಿಗ್ನಲ್ ಒಂದಿಷ್ಟೂ ಇಲ್ಲದ ಅಡುಗೆಮನೆಯಲ್ಲೂ ಮಾಮೂಲಿ ನಂಬರಿಗೇ ಕರೆ ಬರುತ್ತದೆ, ಹೋಗುತ್ತದೆ. ವೈಫೈ ಯಾವ ಕಂಪನಿಯದ್ದಾದರೂ ಸರಿ. ವಯಸ್ಸಾದವರು ಮಾತ್ರ ಇರುವ ಮನೆಗೆ ನಾನು ರೂಟರ್ ಹಾಕಿಸಿ ಅನ್ನುವುದು ಮುಖ್ಯವಾಗಿ ಇದಕ್ಕೇ. ರಾತ್ರಿ ಆಂಬ್ಯುಲೆನ್ಸ್ ಕರೆಯಲು ಯಾರೂ ಅಂಗಳದ ತುದಿಗೆ ಓಡಬೇಕಾಗಿ ಬರಬಾರದು. ಹಾಕಿಸಿದ ದಿನವೇ ಒಳಕೋಣೆಯಿಂದ ಒಂದು ಕರೆ ಮಾಡಿ, ಅವರ ಫೋನಿನಲ್ಲಿ ಅದು ಕೆಲಸ ಮಾಡುತ್ತದೆಯೇ ಅಂತ ನೋಡಿಕೊಳ್ಳಿ. ಕೆಲವು ಹಳೆಯ ಫೋನ್‌ಗಳಲ್ಲಿ ಈ ಸೌಲಭ್ಯ ಇರುವುದಿಲ್ಲ, ಆಗ ರೂಟರಿನ ಜೊತೆಗೆ ಫೋನನ್ನೂ ಬದಲಿಸಬೇಕಾಗುತ್ತದೆ.